ಸ್ಪಿತಿಗೆ ಹೊರಡುವ ಮೊದಲು ದುರ್ಗದ ಸುತ್ತ

ಸೆಪ್ಟೆಂಬರ್‌ನಲ್ಲಿ ನಾವು ನಾಲ್ಕು ಜನ ದಾವಣಗೆರೆಯಿಂದ ಹಿಮಾಚಲದ ಸ್ಪಿತಿ ಕಣಿವೆಗೆ ಗಾಡಿಯಲ್ಲೇ ಹೋಗುವವರಿದ್ದೇವೆ. ಗಾಡಿ ಎರಡು. ಒಂದು ನನ್ನ ಹಳೇ ಮಾರುತಿ ಜಿಪ್ಸಿ. ಇನ್ನೊಂದು ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ ಮಾಡುವ ಗೆಳೆಯನ ಡೀಸೆಲ್ ಥಾರ್. ಜೊತೆಗೆ ಒಬ್ಬರು ಡಾಕ್ಟರು, ಒಬ್ಬರು ಇತಿಹಾಸದ ಮೇಷ್ಟ್ರು. ಹೆಸರು ಹಾಕುವುದು ಬೇಡ. ಮೂವರೂ ಮನೆಯಲ್ಲಿ ಪೂರ್ತಿ ವಿಷಯ ಇನ್ನೂ ಹೇಳಿಲ್ಲ.

ಸೆಪ್ಟೆಂಬರ್ ಯಾಕೆ ಅಂದರೆ ಲೆಕ್ಕ ಸರಳ. ಜುಲೈ, ಆಗಸ್ಟ್‌ನಲ್ಲಿ ಹಿಮಾಚಲದಲ್ಲಿ ಮಳೆ ಜೋರು, ಗುಡ್ಡ ಕುಸಿದು ದಾರಿ ಬಂದ್ ಆಗುತ್ತಿರುತ್ತದೆ. ಅಕ್ಟೋಬರ್ ಕಳೆದರೆ ಕುಂಜುಮ್ ಲಾ ಅನ್ನುವ ಎತ್ತರದ ಘಟ್ಟದ ಮೇಲೆ ಹಿಮ ಬಿದ್ದು ಸ್ಪಿತಿಯಿಂದ ಮನಾಲಿ ಕಡೆಗೆ ಇಳಿಯುವ ದಾರಿ ಮುಚ್ಚುತ್ತದೆ. ನಡುವೆ ಸಿಗುವುದು ಒಂದು ಸಣ್ಣ ಕಿಂಡಿ.

ದೆಹಲಿವರೆಗೆ ದಾರಿ ಹುಡುಕುವ ತಾಪತ್ರಯವೇ ಇಲ್ಲ. ನಮ್ಮೂರ ಪಕ್ಕದಲ್ಲೇ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಉತ್ತರಕ್ಕೆ ಮುಖ ಮಾಡಿದರೆ ಆಯಿತು. ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ, ಮುಂಬೈ, ಸೂರತ್, ಅಹಮದಾಬಾದ್, ಉದಯಪುರ, ಜೈಪುರ ದಾಟಿ ಅದೇ ದೆಹಲಿ ಮುಟ್ಟಿಸುತ್ತದೆ. ಕಷ್ಟ ಶುರುವಾಗುವುದು ಶಿಮ್ಲಾ ದಾಟಿದ ಮೇಲೆ. ಅದಕ್ಕೇ ಡಾಕ್ಟರು ಪಟ್ಟು ಹಿಡಿದರು. ಜೂನ್‌ನಲ್ಲೇ ಒಂದು ರಿಹರ್ಸಲ್ ಆಗಬೇಕು, ಸೆಪ್ಟೆಂಬರ್‌ನಲ್ಲಿ ಏನೇನು ಒಯ್ಯುತ್ತೇವೋ ಅಷ್ಟನ್ನೂ ಹೇರಿಕೊಂಡೇ ಹೋಗಬೇಕು. ಏನಾದರೂ ಕೈಕೊಡುವುದಿದ್ದರೆ ಟ್ರ್ಯಾಕ್ಟರ್ ಸಿಗುವ ಜಾಗದಲ್ಲಿ ಕೈಕೊಡಲಿ ಅನ್ನುವುದು ಅವರ ವಾದ.

ಮೊದಲ ದಿನ: ದಾವಣಗೆರೆ, ಚಿತ್ರದುರ್ಗ, ಜೋಗಿಮಟ್ಟಿ

ಬೆಣ್ಣೆ ದೋಸೆ ತಿಂದೇ ಹೊರಟೆವು. ಅದರ ಬಗ್ಗೆ ಎಲ್ಲರೂ ಬರೆದಾಗಿದೆ, ನಾನು ಬರೆಯಲ್ಲ.

ಹೆದ್ದಾರಿಗೆ ಹೋಗುವ ಬದಲು ಮೊದಲು ಗಾಡಿ ಓಡಿಸಿದ್ದು ಎಪಿಎಂಸಿ ಹತ್ತಿರ ಲಾರಿ ತೂಕ ಹಾಕುವ ವೇಬ್ರಿಜ್‌ಗೆ. ಮೆಕ್ಕೆಜೋಳದ ಲಾರಿಗಳ ನಡುವೆ ಜಿಪ್ಸಿ ನಿಲ್ಲಿಸಿದಾಗ ಅಲ್ಲಿನ ಹುಡುಗ ಮೇಲೆ ಕೆಳಗೆ ನೋಡಿದ. "ಏನ್ ಸಾರ್, ಮನೆ ಖಾಲಿ ಮಾಡ್ತಿದ್ದೀರಾ?" ಅಂದ. ಚೀಟಿ ಕೈಗೆ ಬಂದಾಗ ಅವನ ಮಾತು ತಮಾಷೆ ಅನ್ನಿಸಲಿಲ್ಲ. ಇಬ್ಬರು ಮನುಷ್ಯರು ಹತ್ತಿ ಕೂರುವ ಮೊದಲೇ ಗಾಡಿ ತನ್ನ ಮಿತಿಯ ಹತ್ತಿರ ಬಂದಿತ್ತು. ಯಾವ ಗಾಡಿ ಎಷ್ಟು ಭಾರ ತಡೆಯುತ್ತದೆ ಅನ್ನುವುದು ಅದರ ಜೊತೆ ಬರುವ ಪುಸ್ತಕದಲ್ಲೇ ಇರುತ್ತದೆ. ನಾವು ಯಾರೂ ಆ ಪುಟ ತೆರೆಯುವುದಿಲ್ಲ, ಅಷ್ಟೇ.

ವೇಬ್ರಿಜ್ ಪಕ್ಕದ ಬೇವಿನ ಮರದ ಕೆಳಗೆ ಸಾಮಾನೆಲ್ಲ ಇಳಿಸಿ ಹರಡಿದೆವು. ದೊಡ್ಡ ಜಗಳ ಪೆಟ್ರೋಲ್ ಕ್ಯಾನಿನದು. 20 ಲೀಟರಿನ ಮೂರು ಕಬ್ಬಿಣದ ಕ್ಯಾನು ಬೇಕೇ ಬೇಕು ಅಂತ ಮೇಷ್ಟ್ರು. ಕಾಗದ ತೆಗೆದು ಲೆಕ್ಕ ಹಾಕಿದೆವು. ಜಿಪ್ಸಿ ಟ್ಯಾಂಕು 40 ಲೀಟರ್. ಗುಡ್ಡದ ದಾರಿಯಲ್ಲಿ ಲೀಟರಿಗೆ 9 ಕಿ.ಮೀ. ಅಂತ ಹಿಡಿದರೂ 350 ಕಿ.ಮೀ. ಆಗುತ್ತದೆ. ಕಿನ್ನೌರ್‌ನ ರೆಕಾಂಗ್ ಪಿಯೋ ಹತ್ತಿರ ಟ್ಯಾಂಕ್ ತುಂಬಿಸಿದರೆ ಮುಂದೆ ನೆಚ್ಚಿಕೊಳ್ಳಬಹುದಾದ ಬಂಕು ಸ್ಪಿತಿಯ ಮುಖ್ಯ ಊರು ಕಾಜಾದಲ್ಲಿದೆ, ಸುಮಾರು 200 ಕಿ.ಮೀ. ಕಾಜಾದಿಂದ ಮನಾಲಿಗೂ ಹೆಚ್ಚೂ ಕಡಿಮೆ ಅಷ್ಟೇ. ನಡುವೆ ಅಲ್ಲಿ ಇಲ್ಲಿ ಸುತ್ತಾಡಿದರೂ ಒಂದು ಕ್ಯಾನು ಧಾರಾಳ. ಎರಡು ಕ್ಯಾನು ಕೆಳಗಿಳಿದವು, ಮೂವತ್ತು ಕೆ.ಜಿ.ಗೂ ಮೇಲೆ ಹೋಯಿತು. ಪ್ಲಾಸ್ಟಿಕ್ ಕ್ಯಾನ್ ತಗೊಂಡು ಹೋಗಿ ಅನ್ನುವವರ ಮಾತು ಕೇಳಬೇಡಿ. ಎಷ್ಟೋ ಬಂಕಿನಲ್ಲಿ ಅದಕ್ಕೆ ಹಾಕುವುದೇ ಇಲ್ಲ, ಬಿಸಿಲಿಗೆ ಅದು ಉಬ್ಬುತ್ತದೆ ಕೂಡ.

ನೀರಿನ ಲೆಕ್ಕ ಇನ್ನೂ ಸುಲಭ, ಲೀಟರಿಗೆ ಒಂದು ಕೆ.ಜಿ. ಸ್ಪಿತಿಯಲ್ಲಿ ದಿನಾ ಒಂದಾದರೂ ಊರು ಸಿಗುತ್ತದೆ, ಹಾಗಾಗಿ 60 ಲೀಟರ್ ಹೊರುವುದಕ್ಕೆ ಅರ್ಥವಿಲ್ಲ. 20 ಸಾಕು. ಮಡಚುವ ಕುರ್ಚಿ, ಎರಡನೇ ಟೆಂಟು, ಮೇಷ್ಟ್ರ ಪುಸ್ತಕದ ಚೀಲ ಎಲ್ಲ ಇಳಿದವು. ಅಡಿಕೆ ಗೆಳೆಯ ಮಾತ್ರ ಮಂಡಕ್ಕಿ ಚೀಲ ಬಿಡಲಿಲ್ಲ. "ಇದಕ್ಕೆ ತೂಕ ಎಲ್ಲೈತೋ?" ಅಂದ. ತೂಕ ಇಲ್ಲ, ನಿಜ. ಸೀಟಿನ ಹಿಂದಿನ ಜಾಗವನ್ನೆಲ್ಲ ಅದೇ ತಿಂದಿತ್ತು.

ಇನ್ನೊಂದು ಬದಲಾವಣೆ ಮಾಡಿದೆವು. ಕ್ಯಾರಿಯರ್ ಮೇಲಿದ್ದ ಭಾರದ ಸಾಮಾನನ್ನೆಲ್ಲ ಒಳಗೆ, ಹಿಂದಿನ ಚಕ್ರಕ್ಕಿಂತ ಮುಂದೆ ಬರುವ ಹಾಗೆ ಕೆಳಗೆ ಕಟ್ಟಿದೆವು. ಮೇಲೆ ಉಳಿದಿದ್ದು ಹಾಸಿಗೆ, ಟೆಂಟು. ಒಂದು ಕಡೆ ವಾಲಿದ ದಾರಿಯಲ್ಲಿ ನೆತ್ತಿ ಭಾರದ ಗಾಡಿ ಪಲ್ಟಿ ಹೊಡೆಯುವುದು ಬೇಗ. ಜಿಪ್ಸಿ ಮೊದಲೇ ಎತ್ತರದ, ಕಿರಿದಾದ ಗಾಡಿ.

ದುರ್ಗ ಮುಟ್ಟಿದಾಗ ಮಧ್ಯಾಹ್ನ. ಮೇಷ್ಟ್ರು ಏಳು ಸುತ್ತಿನ ಕೋಟೆ ಕಡೆಗೆ ಆಸೆಗಣ್ಣಿನಿಂದ ನೋಡಿದರು. "ಕೋಟೆ ಎಲ್ಲೂ ಹೋಗಲ್ಲ, ಇನ್ನೊಮ್ಮೆ ಬರೋಣ" ಅಂತ ಡಾಕ್ಟರು ಸಮಾಧಾನ ಮಾಡಿದರು. ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಸರು, ಗಾಡಿ ನಂಬರ್ ಬರೆಸಿ ಜೋಗಿಮಟ್ಟಿ ಹತ್ತಿದೆವು. ಅದು ವನ್ಯಧಾಮ. ಟೆಂಟ್ ಹೊಡೆಯುವ ಯೋಚನೆ ಬೇಡ, ಹೊತ್ತು ಮುಳುಗುವ ಮೊದಲು ಇಳಿದುಬಿಡಬೇಕು.

ಜೋಗಿಮಟ್ಟಿ ಎತ್ತರ ಸಮುದ್ರ ಮಟ್ಟದಿಂದ 1,300 ಮೀಟರ್ ಆಸುಪಾಸು. ಕುಂಜುಮ್ ಲಾ 4,500 ಮೀಟರ್ ದಾಟುತ್ತದೆ. ಇಲ್ಲಿ ಎಂಜಿನ್‌ಗೆ ಗಾಳಿಯ ಕೊರತೆ ಗೊತ್ತೇ ಆಗಲ್ಲ. ಅಲ್ಲಿ ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಜಿಪ್ಸಿಯಂಥ ಗಾಡಿ ತನ್ನ ಶಕ್ತಿಯಲ್ಲಿ ನೂರಕ್ಕೆ ನಲವತ್ತರಷ್ಟು ಕಳೆದುಕೊಂಡಿರುತ್ತದೆ. ಟರ್ಬೊ ಇರುವ ಥಾರ್‌ಗೆ ಅಷ್ಟು ತ್ರಾಸವಿಲ್ಲ. ಹಾಗಾಗಿ ಕಡಿದಾದ ತಿರುವುಗಳಲ್ಲಿ ಫೋರ್ ಬೈ ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ನಿಧಾನದ ಗೇರು ಹಾಕಿ ನಿಧಾನಕ್ಕೆ ಹತ್ತುವುದನ್ನು ಎಲ್ಲರೂ ಇಲ್ಲೇ ಕೈಗೆ ರೂಢಿ ಮಾಡಿಕೊಳ್ಳಬೇಕಿತ್ತು.

ಹತ್ತುವುದು ಸಲೀಸಾಯಿತು. ತೊಂದರೆ ಇಳಿಯುವಾಗ. ಮೇಷ್ಟ್ರ ಕೈಯಲ್ಲಿ ಜಿಪ್ಸಿ. ಬ್ರೇಕ್ ಮೇಲಿಟ್ಟ ಕಾಲು ತೆಗೆಯಲೇ ಇಲ್ಲ. ಅರ್ಧ ದಾರಿಗೆ ಸುಟ್ಟ ವಾಸನೆ ಬಂತು. ಗಾಡಿ ನಿಲ್ಲಿಸಿ ಚಕ್ರ ಆರುವವರೆಗೆ ಕಾದೆವು, ನೀರು ಮಾತ್ರ ಹಾಕಲಿಲ್ಲ. ಕಾದ ಡ್ರಮ್ಮಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಹತ್ತಿದ ಗೇರಿನಲ್ಲೇ ಇಳಿಯಬೇಕು ಅನ್ನುವುದು ಘಟ್ಟದ ಲಾರಿ ಡ್ರೈವರುಗಳಿಗೆಲ್ಲ ಗೊತ್ತಿರುವ ವಿಷಯ. ಉಳಿದ ದಾರಿಯನ್ನು ಮೇಷ್ಟ್ರು ಎರಡನೇ ಗೇರಿನಲ್ಲೇ ಇಳಿಸಿದರು. ಗಾಳಿ ಎಷ್ಟಿತ್ತೆಂದರೆ ಅವರು ಬೈಸಿಕೊಂಡದ್ದು ಅರ್ಧವೂ ಅವರಿಗೆ ಕೇಳಿಸಿರಲಾರದು.

ರಾತ್ರಿ ದುರ್ಗದಲ್ಲೇ ಲಾಡ್ಜ್.

ಎರಡನೇ ದಿನ: ಹಿರಿಯೂರು, ಮಾರಿಕಣಿವೆ, ಹೊಸದುರ್ಗದ ಹಾದಿ

ಹಿಂದಿನ ರಾತ್ರಿ ಹಿರಿಯೂರು ಕಡೆ ಮಳೆಯಾಗಿತ್ತು. ಹೆದ್ದಾರಿ ಬಿಟ್ಟು ಹೊಲಗಳ ನಡುವಿನ ಬಂಡಿ ದಾರಿ ಹಿಡಿದೆವು. ಟೈರ್ ಗಾಳಿಯನ್ನು 30ರಿಂದ 20 ಪಾಯಿಂಟಿಗೆ ಇಳಿಸಿದ್ದೆವು. ಗಾಳಿ ಇಳಿದಾಗ ಟೈರು ಅಗಲಕ್ಕೆ ಹರಡಿ ಕೂರುತ್ತದೆ, ಸಡಿಲ ಜಲ್ಲಿ ಮೇಲೆ ಹಿಡಿತ ಜಾಸ್ತಿ ಸಿಗುತ್ತದೆ, ಒಳಗೆ ಕೂತವರ ಬೆನ್ನೂ ಉಳಿಯುತ್ತದೆ. ಡಾಂಬರು ಸಿಕ್ಕ ತಕ್ಷಣ ಮತ್ತೆ ತುಂಬಬೇಕು. ಹಾಗಾಗಿ ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಇಲ್ಲದೆ ಈ ಆಟ ಆಡಬಾರದು.

ಮೊದಲು ಕೈಕೊಟ್ಟಿದ್ದು ಬಳ್ಳಾರಿ ಜಾಲಿ. ದಾರಿಯ ಎರಡೂ ಬದಿ ಅದೇ. ಯಾರೋ ಬೇಲಿಗೆ ಅಂತ ಕಡಿದು ಹಾಕಿದ್ದ ಕೊಂಬೆ ಮೇಲೆ ಎರಡೂ ಗಾಡಿ ಹತ್ತಿದವು. ಥಾರ್‌ನದು ಟ್ಯೂಬ್‌ಲೆಸ್. ಮುಳ್ಳು ಕಿತ್ತು, ರಬ್ಬರ್ ಬತ್ತಿ ತುರುಕಿ, ಗಾಳಿ ಹೊಡೆದರೆ ಮುಗಿಯಿತು, ಹತ್ತು ನಿಮಿಷದ ಕೆಲಸ. ಜಿಪ್ಸಿಯದು ಟ್ಯೂಬ್ ಟೈರು. ಚಕ್ರ ಬಿಚ್ಚಿ, ರಿಮ್ಮಿನಿಂದ ಟೈರ್ ಎಬ್ಬಿಸಿ, ಟ್ಯೂಬ್ ಎಳೆದು, ಉಜ್ಜಿ, ಪ್ಯಾಚ್ ಹಾಕಿ, ಮತ್ತೆ ಕೂರಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ನಾಲ್ಕು ಟೈರೂ ಟ್ಯೂಬ್‌ಲೆಸ್ ಆಗಬೇಕು ಅಂತ ಅಲ್ಲೇ ನಿಂತು ತೀರ್ಮಾನವಾಯಿತು. ದುಡ್ಡಿನ ಮಾತು ಯಾರೂ ಎತ್ತಲಿಲ್ಲ, ಅಷ್ಟು ಸುಸ್ತಾಗಿದ್ದೆವು.

ಆಮೇಲೆ ಎರೆ ಭೂಮಿ. ಒಣಗಿದಾಗ ಎರೆ ಮಣ್ಣಿನ ದಾರಿ ಸಿಮೆಂಟಿನ ಥರ ಗಟ್ಟಿ. ಒಂದು ಮಳೆ ಬಿದ್ದರೆ ಟೈರಿನ ಗೆರೆಗಳಲ್ಲೆಲ್ಲ ಮೆತ್ತಿಕೊಂಡು ಚಕ್ರವನ್ನು ನುಣ್ಣನೆ ಗಾಲಿ ಮಾಡಿಬಿಡುತ್ತದೆ. ಫೋರ್ ಬೈ ಫೋರ್ ಇದ್ದರೂ ನಾಲ್ಕೂ ಚಕ್ರ ಸುಮ್ನೆ ಸುತ್ತುತ್ತವೆ. ಅಡಿಕೆ ಗೆಳೆಯ ಮುಂದಿದ್ದ. ನಿಂತು ನೋಡೋಣ ಅಂತ ನಾವು ಹಾರ್ನ್ ಹೊಡೆಯುವಷ್ಟರಲ್ಲಿ ಥಾರ್ ಹೊಟ್ಟೆವರೆಗೆ ಕೂತಿತ್ತು. ಆಕ್ಸಲರೇಟರ್ ಒತ್ತಿದಷ್ಟೂ ಕೆಳಗೆ ಹೋಯಿತು.

ಜಿಪ್ಸಿಯಿಂದ ಎಳೆಯೋಣ ಅಂತ ಹಗ್ಗ ತೆಗೆದೆವು. ಎಳೆಯುವ ಹಗ್ಗ ಕಟ್ಟಬೇಕಾದ್ದು ಚಾಸಿಗೆ, ಅಂದರೆ ಗಾಡಿಯ ತಳದ ಚೌಕಟ್ಟಿಗೆ, ಸೇರಿದ ಕೊಂಡಿಗೆ ಮಾತ್ರ. ಬಂಪರಿಗೆ ಕಟ್ಟಿದರೆ ಬಂಪರ್ ಕಿತ್ತು ಬರುತ್ತದೆ, ಅದು ಹಾರಿದರೆ ಎದುರಿದ್ದವನ ಗತಿ ಮುಗಿಯಿತು. ಹಗ್ಗದ ನಡುವೆ ಒಂದು ಒದ್ದೆ ಗೋಣಿಚೀಲ ಹಾಕಿದೆವು. ಹಗ್ಗ ಹರಿದರೂ ಅದರ ಭಾರಕ್ಕೆ ನೆಲಕ್ಕೆ ಬೀಳಲಿ ಅಂತ. ಡಾಕ್ಟರು ಎಲ್ಲರನ್ನೂ ಹಗ್ಗದ ಎರಡರಷ್ಟು ದೂರ ನಿಲ್ಲಿಸಿದರು. ಇಷ್ಟೆಲ್ಲ ಶಾಸ್ತ್ರ ಮಾಡಿ ಎಳೆದರೆ ಜಿಪ್ಸಿಯೇ ಹಿಂದಕ್ಕೆ ಜಾರತೊಡಗಿತು. ಹಗುರ ಗಾಡಿ, ಹಿಡಿತವಿಲ್ಲದ ನೆಲ.

ಅಷ್ಟರಲ್ಲಿ ಪಕ್ಕದ ದಾಳಿಂಬೆ ತೋಟದಿಂದ ಒಬ್ಬ ಯಜಮಾನರು ಬಂದರು.

"ಏನ್ ಸಾಮಿ, ಇದೇನ್ ದಾರಿನಾ? ಮಳೆ ಬಂದ್ರೆ ನಮ್ ಎತ್ಗಳೇ ಇಲ್ಲಿ ಕಾಲಿಡಲ್ಲ."

"ದೊಡ್ಡ ಗಾಡಿ ಅಲ್ವಾ ಯಜಮಾನ್ರೇ, ಹೋಗ್ತದೆ ಅಂತ ಬಂದ್ವಿ" ಅಂದ ಗೆಳೆಯ.

"ದೊಡ್ಡದಾದ್ರೆ ಜಾಸ್ತಿ ಹೂತ್ಕೋತದೆ, ಅಷ್ಟೇಯ."

ಅವರ ಟ್ರ್ಯಾಕ್ಟರ್ ಬಂತು. ಎರಡು ನಿಮಿಷ. ದುಡ್ಡು ಕೊಡಲು ಹೋದರೆ ಬೇಡ ಅಂದರು. ಬದಲಿಗೆ, ಹೋಗುವಾಗ ಬಿತ್ತಿದ ಹೊಲಕ್ಕೆ ಚಕ್ರ ಹಾಕಬೇಡಿ ಅಂದರು. ಕೆಸರು ತಪ್ಪಿಸಲು ಹೊಲಕ್ಕಿಳಿಯುವ ಗಾಡಿಗಳನ್ನು ಅವರು ಬೇಕಾದಷ್ಟು ನೋಡಿದ್ದಾರೆ. ಈಗಷ್ಟೇ ಶೇಂಗಾ ಬಿತ್ತಿದ್ದ ನೆಲ. ಮಣ್ಣು ದಾರಿಯ ಹುಚ್ಚು ಇರುವವರು ಮೊದಲು ಕಲಿಯಬೇಕಾದ್ದು ಇದು ಅಂತ ನನಗೆ ಅನ್ನಿಸುತ್ತದೆ. ಲೋ ಗೇರು, ಹೂತ ಗಾಡಿ ಎಳೆಯುವ ವಿಂಚು ಎಲ್ಲ ಆಮೇಲೆ.

ಮಾರಿಕಣಿವೆಯಲ್ಲಿ ಮೇಷ್ಟ್ರಿಗೆ ಕೊನೆಗೂ ಮಾತಾಡುವ ಅವಕಾಶ ಸಿಕ್ಕಿತು. ವೇದಾವತಿ ನದಿಗೆ ಎರಡು ಗುಡ್ಡಗಳ ನಡುವೆ ಕಟ್ಟಿದ ವಾಣಿವಿಲಾಸ ಸಾಗರ. ಕೆಲಸ ಶುರುವಾಗಿದ್ದು 1898ರಲ್ಲಿ, ಮುಗಿದಿದ್ದು 1907ರಲ್ಲಿ. ತುಂಬಿದರೆ 130 ಅಡಿ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. ಈ ಲೆಕ್ಕಕ್ಕೂ ನಮ್ಮ ಪ್ರಯಾಣಕ್ಕೂ ಸಂಬಂಧ ಇದೆ ಅಂತ ಗೊತ್ತಾಗಿದ್ದು ಅರ್ಧ ಗಂಟೆ ಬಿಟ್ಟು. ಫೋನಿನ ಮ್ಯಾಪಿನಲ್ಲಿ ಹಿನ್ನೀರಿನ ಅಂಚಿನಲ್ಲೇ ಹೊಸದುರ್ಗದ ಕಡೆಗೆ ಹೋಗುವ ಒಂದು ಚಂದದ ದಾರಿ ಇತ್ತು. ಹೋಗಿ ನೋಡಿದರೆ ಅದು ಸೀದಾ ನೀರಿಗಿಳಿದಿತ್ತು. ಕೆರೆ ಖಾಲಿಯಿದ್ದ ವರ್ಷಗಳಲ್ಲಿ ಜನ ಓಡಾಡಿದ ದಾರಿ ಅದು. ಮ್ಯಾಪಿಗೆ ಅದು ಈಗಲೂ ದಾರಿಯೇ.

ಸುತ್ತು ಹಾಕಿ ಹೊಸದುರ್ಗದ ಹತ್ತಿರ ಗೆಳೆಯನ ಸಂಬಂಧಿಕರ ತೆಂಗಿನ ತೋಟ ಸೇರಿದಾಗ ಕತ್ತಲಾಗಿತ್ತು. ಇಡೀ ದಿನ ಓಡಿಸಿದರೂ ನೂರು ಕಿ.ಮೀ. ಆಗಿರಲಿಲ್ಲ. ನಮ್ಮ ಸ್ಪಿತಿ ಪಟ್ಟಿಯಲ್ಲಿ ಮಾತ್ರ ದಿನಕ್ಕೆ 220, 240 ಅಂತ ರಾಜಾರೋಷವಾಗಿ ಬರೆದುಕೊಂಡಿದ್ದೆವು.

ಊಟ ಆದ ಮೇಲೆ ಚಾಪೆ ಹಾಸಿ, ಟಾರ್ಚ್ ಹಿಡಿದು ಆ ಪಟ್ಟಿಯನ್ನೇ ಬಿಚ್ಚಿದೆವು. ಈ ಸಲ ಕಿ.ಮೀ. ಕಾಲಂ ಹೊಡೆದುಹಾಕಿ ಎರಡು ಹೊಸ ಕಾಲಂ ಬರೆದೆವು. ಒಂದರಲ್ಲಿ ಎಷ್ಟು ತಾಸು ಓಡಿಸಬೇಕು. ಇನ್ನೊಂದರಲ್ಲಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಬೇಕು.

ಎತ್ತರದ ಕಾಲಂ ಡಾಕ್ಟರದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ನೆ ಇರಬೇಕು. ಇದು ಅವರ ಕಟ್ಟುನಿಟ್ಟು. ಅಡಿಕೆ ಗೆಳೆಯನ ಮೂಲ ಪ್ಲಾನ್ ಬೇರೆ ಇತ್ತು. ಮೊದಲು ಮನಾಲಿ, ಮಾರನೇ ದಿನವೇ ಚಂದ್ರತಾಲ್ ಸರೋವರ. ಮನಾಲಿ ಸುಮಾರು 2,000 ಮೀಟರ್, ಚಂದ್ರತಾಲ್ 4,300. ಒಂದೇ ದಿನಕ್ಕೆ ಅಷ್ಟು ಹತ್ತಿ ಮಲಗಿದರೆ ತಲೆನೋವು, ವಾಂತಿ ಶುರುವಾಗುವುದು ಮಾಮೂಲಿ. ಕೆಲವರಿಗೆ ಶ್ವಾಸಕೋಶಕ್ಕೆ ಅಥವಾ ಮೆದುಳಿಗೆ ನೀರು ಸೇರಿ ಪ್ರಾಣಕ್ಕೇ ಕುತ್ತು ಬರುತ್ತದೆ.

"ಮಾತ್ರೆ ತಗೊಂಡ್ರೆ ಆಗಲ್ವಾ ಡಾಕ್ಟ್ರೇ?"

"ಮಾತ್ರೆ ನಾನು ಬರೆದ್ಕೊಟ್ರೆ ತಗೋ. ಆದ್ರೆ ತಲೆನೋವು ಬಂದ್ಮೇಲೆ ಇನ್ನೂ ಮೇಲೆ ಹತ್ತೋ ಮಾತಿಲ್ಲ. ಜಾಸ್ತಿಯಾದ್ರೆ ಗಾಡಿ ತಿರುಗಿಸೋದೇ."

ಹಾಗಾಗಿ ದಾರಿ ಉಲ್ಟಾ ಆಯಿತು. ಶಿಮ್ಲಾ ಕಡೆಯಿಂದ ಒಳಗೆ ಹೋಗುವುದು. ನಾರ್ಕಂಡಾದಲ್ಲಿ ಒಂದು ರಾತ್ರಿ, ಸುಮಾರು 2,700 ಮೀಟರ್. ಆಮೇಲೆ ಕಲ್ಪಾ, ಅದು ಇನ್ನೂ ಸ್ವಲ್ಪ ಮೇಲೆ. ಮುಂದಿನ ನಾಕೋ ಊರು 3,600 ಮೀಟರ್ ಇರುವುದರಿಂದ ಅಲ್ಲಿ ಬರೀ ಮಧ್ಯಾಹ್ನದ ಊಟ. ರಾತ್ರಿಗೆ ತಾಬೋ, 3,280 ಮೀಟರ್. ಅಲ್ಲಿಯ ಬೌದ್ಧ ಮಠ ಕ್ರಿ.ಶ. 996ರದ್ದು ಅಂದ ತಕ್ಷಣ ಮೇಷ್ಟ್ರ ಓಟು ಬಿತ್ತು. ತಾಬೋದಿಂದ ಕಾಜಾ ಐವತ್ತು ಕಿ.ಮೀ. ಕೂಡ ಇಲ್ಲ. ಅಲ್ಲಿ ಬಿಡುವಿನ ದಿನ. ಕೊನೆಗೆ ಲೋಸರ್, ಕುಂಜುಮ್ ಲಾ, ಚಂದ್ರತಾಲ್. ಅಷ್ಟೊತ್ತಿಗೆ ಮೈ ಒಗ್ಗಿರುತ್ತದೆ. ಬಾತಲ್‌ನಿಂದ ಗ್ರಾಂಫೂವರೆಗೆ ಸುಮಾರು 50 ಕಿ.ಮೀ. ಬರೀ ಕಲ್ಲು, ನೀರು ಹರಿಯುವ ಹಳ್ಳ. ಅದಕ್ಕೆ ಅರ್ಧ ದಿನ ಬರೆದೆವು. ಅಲ್ಲಿಂದಾಚೆ 2020ರಲ್ಲಿ ತೆರೆದ ಅಟಲ್ ಸುರಂಗ, ರೋಹ್ತಾಂಗ್ ಘಟ್ಟ ಹತ್ತುವ ಗೋಜೇ ಇಲ್ಲದೆ ಮನಾಲಿ.

ಅಡಿಗೆಯ ವಿಷಯದಲ್ಲೂ ಡಾಕ್ಟರೇ ಗೆದ್ದರು. ಆ ಎತ್ತರದಲ್ಲಿ ನೀರು 85 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವ ಮಾತೇ ಇಲ್ಲ. ಕುಕ್ಕರ್ ಬೇಕು. ಕುರ್ಚಿ ಹೋದ ಜಾಗಕ್ಕೆ ಮೂರು ಲೀಟರ್ ಕುಕ್ಕರ್ ಬಂತು. ಮೇಷ್ಟ್ರು ಸ್ಯಾಟಲೈಟ್ ಫೋನ್ ತರಿಸೋಣ ಅಂದರು. ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಂಡರೆ ಕೇಸ್ ಆಗುತ್ತದೆ ಅಂದ ಮೇಲೆ ಸುಮ್ಮನಾದರು.

ಮೂರನೇ ದಿನ: ಗಾಳಿಯಂತ್ರದ ಗುಡ್ಡ, ಒಂದು ಹಳ್ಳ, ಸೂಳೆಕೆರೆ

ಬೆಳಿಗ್ಗೆ ಗಾಳಿಯಂತ್ರಗಳ ಗುಡ್ಡಕ್ಕೆ ಹೋದೆವು. ಉದ್ದುದ್ದ ರೆಕ್ಕೆ ಸಾಗಿಸಲು ಮಾಡಿದ ಮಣ್ಣು ದಾರಿಗಳು, ಅಗಲ, ಹದವಾದ ಏರು. ನೋಡಿದರೆ ಬಾಯಲ್ಲಿ ನೀರು ಬರುತ್ತದೆ. ಆದರೆ ಅವು ಕಂಪನಿ ದಾರಿಗಳು. ಗೇಟಿನ ಕಾವಲುಗಾರ ಆಗಲ್ಲ ಅಂದ. ವಾದ ಮಾಡದೆ ತಿರುಗಿಸಿದೆವು.

ಹೊಳಲ್ಕೆರೆ ಕಡೆ ಹೋಗುವಾಗ ಒಂದು ಹಳ್ಳ ಸಿಕ್ಕಿತು. ಮಳೆಯ ಕೆಂಪು ನೀರು, ತಳ ಕಾಣದು. ನಮಗೆ ಬೇಕಾಗಿದ್ದೇ ಅದು. ಡಾಕ್ಟರು ಪಂಚೆ ಎತ್ತಿ ಕಟ್ಟಿ, ಕೋಲು ಹಿಡಿದು, ಮೊದಲು ನಡೆದೇ ದಾಟಿದರು. ನಡೆದು ದಾಟಲಾಗದ ನೀರಿಗೆ ಗಾಡಿ ಇಳಿಸಬಾರದು ಅನ್ನುವುದು ಹಳೇ ನಿಯಮ. ಆಳ ಮೊಣಕಾಲಿಗಿಂತ ಕೆಳಗೆ, ತಳದಲ್ಲಿ ಗಟ್ಟಿ ಕಲ್ಲು. ಲೋ ಗೇರ್ ಹಾಕಿ, ಕ್ಲಚ್ ಮುಟ್ಟದೆ, ಮುಂದೆ ಸಣ್ಣ ಅಲೆ ಏಳುವಷ್ಟೇ ವೇಗದಲ್ಲಿ ಒಂದೊಂದೇ ಗಾಡಿ ದಾಟಿಸಿದೆವು. ದಾಟಿದ ಮೇಲೆ ಬ್ರೇಕನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಂಡೆವು. ಸ್ಪಿತಿಯ ಹಳ್ಳಗಳಲ್ಲಿ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ಅದು ಹಿಮ ಕರಗಿದ ನೀರು. ಬೆಳಿಗ್ಗೆ ಕಡಿಮೆ, ಬಿಸಿಲೇರಿದಂತೆ ಜಾಸ್ತಿ. ಹಾಗಾಗಿ ಬಾತಲ್ ಕಡೆಯ ದಾರಿಯಲ್ಲಿ ಬೆಳಗಾಗುವಷ್ಟರಲ್ಲಿ ಹೊರಟಿರಬೇಕು. ಅಡಿಕೆ ಗೆಳೆಯ ಎದ್ದು ಚಹಾ ಕುಡಿಯುವ ಹೊತ್ತಿಗೆ ಅಲ್ಲಿ ನೀರು ಏರತೊಡಗಿರುತ್ತದೆ. ಇದನ್ನು ಅವನ ಮುಂದೆಯೇ ಹೇಳಿದ್ದೇವೆ.

ಸೂಳೆಕೆರೆ ಏರಿ ಮೇಲೆ ನಿಂತು ಉಳಿದ ಮಂಡಕ್ಕಿ ಮುಗಿಸಿದೆವು. ಅಲ್ಲೇ ಜಿಪ್ಸಿಯ ಸುತ್ತ ಒಂದು ಸುತ್ತು ಬಂದ ಡಾಕ್ಟರು ಕ್ಯಾರಿಯರ್ ಅಲ್ಲಾಡಿಸಿದರು. ಒಂದು ಬೋಲ್ಟ್ ಇರಲೇ ಇಲ್ಲ, ಇನ್ನೆರಡು ಬೆರಳಲ್ಲೇ ತಿರುಗುತ್ತಿದ್ದವು. ಗಡಗಡ ಅನ್ನುವ ಕಚ್ಚಾ ದಾರಿ ಗಾಡಿಯ ನಟ್ಟುಗಳನ್ನು ತಾನಾಗೇ ಬಿಚ್ಚುತ್ತದೆ. ಸ್ಪಿತಿಯಲ್ಲಿ ದಿನಾ ಸಂಜೆ ಪಾನಾ ಹಿಡಿದು ಸುತ್ತುವ ಕೆಲಸ ಮೇಷ್ಟ್ರ ಪಾಲಿಗೆ ಬಂತು.

ಸಂಜೆ ಹಳೇ ಪಿ.ಬಿ. ರಸ್ತೆಯ ಗ್ಯಾರೇಜಿಗೆ ಸೀದಾ ಬಂದೆವು. ಮೇಸ್ತ್ರಿ ಗಾಡಿ ಕೆಳಗೆ ಮಲಗಿ, ಎದ್ದು, ಕೈ ಒರೆಸಿಕೊಂಡು ಪಟ್ಟಿ ಹೇಳಿದರು. ಹಿಂದಿನ ಸ್ಪ್ರಿಂಗ್ ಪಟ್ಟೆ ಒಂದು ಬದಲಿಸಬೇಕು. ಬ್ರೇಕ್ ಲೈನರ್ ಹೊಸದು. ಜೊತೆಯಲ್ಲಿ ಒಯ್ಯಲು ಕ್ಲಚ್ ಕೇಬಲ್, ಆಕ್ಸಲರೇಟರ್ ಕೇಬಲ್, ಫ್ಯಾನ್ ಬೆಲ್ಟ್, ರೇಡಿಯೇಟರ್ ಪೈಪು, ಫ್ಯೂಸು. "ಥಾರ್‌ಗೆ ಏನಾದ್ರೂ ಆದ್ರೆ ಲ್ಯಾಪ್‌ಟಾಪ್ ತಗಂಡು ಬರೋರನ್ನ ಹುಡುಕ್ರಿ. ಜಿಪ್ಸಿಗಾದ್ರೆ ಈ ಡಬ್ಬಿ ಸಾಕು" ಅಂದರು. ಅಡಿಕೆ ಗೆಳೆಯನಿಗೆ ಆ ಮಾತು ಇನ್ನೂ ಅರಗಿಲ್ಲ.

ಬಗೆಹರಿಯದೆ ಉಳಿದಿರುವುದು ವಾಪಸ್ ಬರುವ ದಾರಿ. ಹೋದ ಹೆದ್ದಾರಿಯಲ್ಲೇ ಬರೋಣ ಅಂತ ನಾನು, ಡಾಕ್ಟರು. ಆಗ್ರಾ, ನಾಗಪುರ, ಹೈದರಾಬಾದ್ ಮೇಲೆ ಬರೋಣ ಅಂತ ಮೇಷ್ಟ್ರು, ಅಡಿಕೆ ಗೆಳೆಯ. ಓಟು ಎರಡು ಎರಡು. ಮೇಸ್ತ್ರಿಯನ್ನು ಕೇಳಿದೆವು. ಅವರು ಮೊದಲು ಅಡ್ವಾನ್ಸ್ ಕೊಡಿ ಅಂದರು.